ತರಗತಿಯ ಹಿಂದೆ ಒಂದು ಕುರ್ಚಿ

ಅಮೆರಿಕದಲ್ಲಿ ನಾನು ಮೊದಲು ಕಲಿಸಿದ್ದು ಕೆಮಿಸ್ಟ್ರಿಯಲ್ಲ, ಆಟ. ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲವು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟು, ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಸಂಸಾರ ಹೂಡಲು ನ್ಯೂಜೆರ್ಸಿಗೆ ಬಂದವಳು ನಾನು. ಎಂಬತ್ತರ ದಶಕದ ಆರಂಭ. ಇಲ್ಲಿಯ ಸರ್ಟಿಫಿಕೇಟ್ ಇಲ್ಲದೆ ಕಾಯಂ ಕೆಲಸ ಸಿಗುವಂತಿರಲಿಲ್ಲ. ಅದಕ್ಕೇ ‘ಸಬ್’ ಆಗಿ ಸೇರಿಕೊಂಡೆ. ಯಾವ ಟೀಚರ್ ರಜೆ ಹಾಕಿದರೂ ಅವರ ಕ್ಲಾಸಿಗೆ ಹೋಗಿ ನಿಲ್ಲುವ ಬದಲಿ ಟೀಚರಿಗೆ ಇಲ್ಲಿ ಸಬ್ ಅನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಶಾಲೆಯಿಂದ ಫೋನ್ ಬರುತ್ತಿತ್ತು. ಯಾವ ವಿಷಯ ಎಂದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾಗುತ್ತಿದ್ದದ್ದು.

ಮೊದಲ ದಿನ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿ ಹೋದವಳನ್ನು ಆಫೀಸಿನಾಕೆ ಸೀದಾ ಜಿಮ್ನೇಷಿಯಮ್ಮಿಗೆ ಕಳಿಸಿದಳು. ಕೈಗೊಂದು ಸೀಟಿ ಕೊಟ್ಟು, “ಏನೂ ಮಾಡಬೇಡಿ, ಅವರ ಪಾಡಿಗೆ ಆಡಿಕೊಳ್ಳುತ್ತಾರೆ” ಎಂದಳು. ಒಳಗೆ ನೋಡಿದರೆ ಅರ್ಧ ಜನ ಚೆಂಡಿನಿಂದ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಿದ್ದಾರೆ, ಇನ್ನರ್ಧ ಗೋಡೆಗೆ ಒರಗಿ ಆಕಳಿಸುತ್ತಿದ್ದಾರೆ. ನನಗೆ ಗೊತ್ತಿದ್ದ ಆಟ ಒಂದೇ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಗೋಡೆಗೆ ಒರಗಿದವರನ್ನು ಎಬ್ಬಿಸಿ ಒಂದು ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂರಿಸಿದೆ. ಪಿರಿಯಡ್ ಮುಗಿಯುವ ಹೊತ್ತಿಗೆ ಇಡೀ ಜಿಮ್ ಖೋ ಖೋ ಎಂದು ಕಿರುಚುತ್ತಿತ್ತು. ರಜೆಯಿಂದ ಮರಳಿದ ಜಿಮ್ ಟೀಚರ್ ನನಗೆ ಫೋನ್ ಮಾಡಿ ಕೇಳಿದ: “ಮಿಸೆಸ್ ಮೂರ್ತಿ, ಮಕ್ಕಳು ಕಾರಿಡಾರಿನಲ್ಲೆಲ್ಲ ಒಬ್ಬರ ಬೆನ್ನು ಒಬ್ಬರು ತಟ್ಟಿ ‘ಕೋ’ ಅಂತಿದ್ದಾರೆ. ಇದಕ್ಕೇನಾದರೂ ರೂಲ್ಸ್ ಇದೆಯಾ?”

ಈಗ ನಮ್ಮ ಎಷ್ಟೋ ಹುಡುಗಿಯರು ಇಲ್ಲಿಯ ಶಾಲೆಗಳಿಗೆ ಸೇರುತ್ತಿದ್ದಾರೆ. ಕನ್ನಡ ಕೂಟದಲ್ಲಿ ಸಿಕ್ಕಿದಾಗ “ಆಂಟಿ, ನೀವು ಹೇಗೆ ಮ್ಯಾನೇಜ್ ಮಾಡಿದ್ರಿ?” ಎಂದು ಕೇಳುತ್ತಾರೆ. ನಾನೊಬ್ಬಳೇ ಏನೂ ಮ್ಯಾನೇಜ್ ಮಾಡಲಿಲ್ಲ ಎಂಬುದೇ ನಾನು ಅವರಿಗೆ ಹೇಳಬೇಕಾದ ಮಾತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಬ್ ಕೆಲಸ ಮಾಡುತ್ತಲೇ ಸ್ಟೇಟ್ ಕಾಲೇಜೊಂದರ ಸಂಜೆ ಕ್ಲಾಸುಗಳಿಗೆ ಸೇರಿ ಸರ್ಟಿಫಿಕೇಟ್ ಪಡೆದೆ. ಸಮರ್‌ಸೆಟ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಅರ್ಧ ಗಂಟೆ ಡ್ರೈವ್ ದೂರದ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಟೀಚರ್ ಕೆಲಸ ಸಿಕ್ಕಿತು. ಆದರೆ ಕಾಯಂ ಅಲ್ಲ. ಪ್ರಿನ್ಸಿಪಾಲರು ವರ್ಷಕ್ಕೆ ಕೆಲವು ಸಲ ಕ್ಲಾಸಿಗೆ ಬಂದು ಕೂತು ನೋಡಿ, ಮುಂದಿನ ವರ್ಷ ಬೇಕೋ ಬೇಡವೋ ಎಂದು ತೀರ್ಮಾನಿಸುವವರು.

ಪ್ರಿನ್ಸಿಪಾಲ್ ಮಿಸ್ಟರ್ ಬ್ರೆನರ್ ಹಿಂದೆ ಫುಟ್‌ಬಾಲ್ ಕೋಚ್ ಆಗಿದ್ದವರು. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಕೈಯಲ್ಲಿ ಚೆಂಡು ಹಿಡಿದು ಓಡುವ ಇಲ್ಲಿಯ ಫುಟ್‌ಬಾಲ್. ಅವರ ಮಾತೆಲ್ಲ ಆ ಆಟದ ಭಾಷೆಯಲ್ಲಿ. “ಮಿಸೆಸ್ ಮೂರ್ತಿ, ಚೆಂಡನ್ನು ಕೈಬಿಡಬೇಡಿ” ಎಂದು ಕಾರಿಡಾರಿನಲ್ಲಿ ಹೇಳಿ ಹೋಗುತ್ತಿದ್ದರು. ನಾನು ನಗುತ್ತ ತಲೆ ಅಲ್ಲಾಡಿಸುತ್ತಿದ್ದೆ. ಯಾವ ಚೆಂಡು ಎಂದು ಮನೆಗೆ ಬಂದು ಮೂರ್ತಿಯವರನ್ನು ಕೇಳಿದರೆ, “ನನ್ನ ಬಾಸೂ ಹಾಗೇ ಮಾತಾಡ್ತಾನೆ. ನಾನು ಯೆಸ್ ಅಂದುಬಿಡ್ತೀನಿ” ಎನ್ನುತ್ತಿದ್ದರು.

ಆ ತಲೆ ಅಲ್ಲಾಡಿಸುವ ಅಭ್ಯಾಸ ಕ್ಲಾಸಿನಲ್ಲಿ ಬೇರೆಯೇ ಅವಾಂತರ ಮಾಡಿತು. ಮಕ್ಕಳು ಸರಿಯಾದ ಉತ್ತರ ಹೇಳಿದಾಗ ನಾನು ಮೆಚ್ಚುಗೆಯಿಂದ ನಮ್ಮ ರೀತಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಿದ್ದೆ. ಅದು ‘ಅಲ್ಲ’ ಎಂದಂತೆ ಕಂಡು ತಕ್ಷಣ ಅವರು ಉತ್ತರ ಬದಲಿಸುತ್ತಿದ್ದರು. ‘ಈ ಮಕ್ಕಳಿಗೆ ಗೊತ್ತಿದ್ದರೂ ಒಂದು ಮಾತಿನ ಮೇಲೆ ನಿಲ್ಲುವುದಿಲ್ಲವಲ್ಲ’ ಎಂದು ನಾನು ಅಂದುಕೊಂಡರೆ, ‘ಈ ಟೀಚರಿಗೆ ಯಾವ ಉತ್ತರ ಕೊಟ್ಟರೂ ಸಮಾಧಾನವಿಲ್ಲ’ ಎಂದು ಅವರು ಅಂದುಕೊಳ್ಳುತ್ತಿದ್ದರು.

ನಿಜವಾದ ತೊಂದರೆ ನನ್ನ ಮಾತಿನದ್ದು. ನನ್ನ ಇಂಗ್ಲಿಷ್ ತಪ್ಪಿರಲಿಲ್ಲ, ಆದರೆ ಓಟದ ಇಂಗ್ಲಿಷ್. ಡೆನಿಸ್ ಎಂಬ ಹುಡುಗಿ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಗಟ್ಟಿ ದನಿ, ಮುಚ್ಚುಮರೆಯಿಲ್ಲದ ಮಾತು. ಒಂದು ದಿನ ಪಾಠ ಮುಗಿದ ಮೇಲೆ ಎಲ್ಲರೆದುರಿಗೇ ಹೇಳಿದಳು: “ಮಿಸೆಸ್ ಮೂರ್ತಿ, ನೀವು ಒಳ್ಳೆಯವರು. ಆದರೆ ಇವತ್ತು ನನಗೆ ಒಂದು ಪದವೂ ಅರ್ಥವಾಗಲಿಲ್ಲ.” ಅದೇ ವಾರ ಅವಳ ತಾಯಿ ಶಾಲೆಗೆ ಫೋನ್ ಮಾಡಿದರು. ಮಗಳಿಗೆ ನರ್ಸಿಂಗ್ ಓದಬೇಕೆಂದಿದೆ, ಕೆಮಿಸ್ಟ್ರಿ ಹೋದರೆ ಎಲ್ಲ ಹೋದಂತೆ ಎಂದರಂತೆ. ಮಿಸ್ಟರ್ ಬ್ರೆನರ್ ಬಂದು ಒಂದು ಕ್ಲಾಸು ನೋಡಿದರು. ಆಮೇಲೆ ಆಫೀಸಿಗೆ ಕರೆದು, ಅಪರೂಪಕ್ಕೆ ನೇರ ಇಂಗ್ಲಿಷಿನಲ್ಲಿಯೇ ಹೇಳಿದರು: “ನಿಮಗೆ ವಿಷಯ ಗೊತ್ತು. ಅದು ಮಕ್ಕಳಿಗೆ ತಲುಪುತ್ತಿಲ್ಲ. ವಸಂತದಲ್ಲಿ ಮತ್ತೆ ಬರುತ್ತೇನೆ. ಆಗಲೂ ಹೀಗೇ ಇದ್ದರೆ ಮುಂದಿನ ವರ್ಷ ಕಷ್ಟ.”

ಕಾರಿನಲ್ಲಿ ಕೂತು ಅತ್ತೆ. ಮೈಸೂರಿನಲ್ಲಿ ನನ್ನ ಪಾಠ ಕೇಳಲು ಪಕ್ಕದ ಸೆಕ್ಷನ್ನಿನ ಹುಡುಗಿಯರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಇಲ್ಲಿ ನನ್ನ ಮಾತೇ ಯಾರಿಗೂ ಬೇಡವಾಗಿತ್ತು.

ಸಂಜೆ ಕಾಲೇಜಿನ ನನ್ನ ಪ್ರೊಫೆಸರ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಆಕೆ ಹೇಳಿದರು: “ನಮ್ಮ ಕಾಲೇಜಿನಲ್ಲಿ ಶಿಕ್ಷಕರ ಗೌರವ ಸಂಘದ ಶಾಖೆಯಿದೆ, ಒಳ್ಳೆಯ ಟೀಚರುಗಳನ್ನು ಆರಿಸಿ ಸೇರಿಸಿಕೊಳ್ಳುವ ಸಂಘ. ಅದರ ಹಿರಿಯ ಸದಸ್ಯರು ಹೊಸ ಟೀಚರುಗಳ ಕ್ಲಾಸಿನಲ್ಲಿ ಬಂದು ಕೂರುತ್ತಾರೆ. ವರದಿ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನಿಮಗೆ ಮಾತ್ರ ಹೇಳುತ್ತಾರೆ. ಒಬ್ಬರನ್ನು ಕಳಿಸಲೇ?”

ಹಾಗೆ ಬಂದವರು ಮಿಸೆಸ್ ಹ್ಯಾಲರನ್. ಜೀವಮಾನವೆಲ್ಲ ಇತಿಹಾಸ ಕಲಿಸಿ ನಿವೃತ್ತರಾಗಿದ್ದವರು. ಬಿಳಿಗೂದಲು, ಕೆಂಪು ಸ್ವೆಟರ್, ಬಾಯಲ್ಲಿ ಸದಾ ಪೆಪ್ಪರ್‌ಮಿಂಟ್. ಗುರುವಾರ ಬಂದು ಕ್ಲಾಸಿನ ಹಿಂದೆ ಒಂದು ಕುರ್ಚಿ ಎಳೆದುಕೊಂಡು ಕೂತರು. ಕೆಮಿಸ್ಟ್ರಿಯ ಗಂಧಗಾಳಿ ಇಲ್ಲ ಎಂದು ಮೊದಲೇ ಹೇಳಿಬಿಟ್ಟರು. ಪಾಠ ಮುಗಿದ ಮೇಲೆ ನನಗೂ ಒಂದು ಪೆಪ್ಪರ್‌ಮಿಂಟ್ ಕೊಟ್ಟು ಕೇಳಿದರು:

“ವಿಮಲಾ, ಇವತ್ತು ಯಾರಿಗೆ ಪಾಠ ಮಾಡಿದೆ?”

“ಮಕ್ಕಳಿಗೆ.”

“ಇಲ್ಲ, ಬೋರ್ಡಿಗೆ. ಪ್ರಶ್ನೆ ಕೇಳಿದ್ದು ನೀನು, ಉತ್ತರ ಹೇಳಿದ್ದು ನೀನು, ವೆರಿ ಗುಡ್ ಅಂದಿದ್ದೂ ನೀನೇ. ಆ ಮಕ್ಕಳು ಬರದೇ ಇದ್ದಿದ್ದರೂ ಪಾಠ ಹೀಗೇ ಚೆನ್ನಾಗಿ ನಡೆಯುತ್ತಿತ್ತು.”

ನನಗೆ ಕೋಪ ಬಂತು. ಬೆಂಚಿಗೆ ಆರಾರು ಜನ ಕೂರುವ ಕ್ಲಾಸಿನಲ್ಲಿ ಪೋರ್ಷನ್ ಮುಗಿಸಬೇಕಾದ ನಮಗೆ ಮಕ್ಕಳ ಉತ್ತರಕ್ಕೆ ಕಾಯುವ ಪುರುಸೊತ್ತು ಎಲ್ಲಿತ್ತು? ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತ ಮೂರ್ತಿಯವರ ಮುಂದೆ ದೂರಿದೆ. “ನೋಡಿ, ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳ್ತೀನಂತೆ!”

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ಆಕೆ ಒಂದೇ ದಿನದಲ್ಲಿ ಕಂಡುಹಿಡಿದರಾ? ನನಗೆ ಎರಡು ವರ್ಷ ಬೇಕಾಯ್ತು ಕಣೇ.”

ಮುಂದಿನ ಗುರುವಾರ ಮಿಸೆಸ್ ಹ್ಯಾಲರನ್ ಹೇಳಿದ್ದು ಇಷ್ಟೇ: “ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರು. ಕ್ಲಾಸು ನಿಶ್ಶಬ್ದವಾದರೆ ಹೆದರಬೇಡ. ಆ ನಿಶ್ಶಬ್ದದಲ್ಲೇ ಅವರು ಯೋಚನೆ ಮಾಡುವುದು.” ಇಷ್ಟು ವರ್ಷದ ನನ್ನ ಕೆಲಸದಲ್ಲಿ ಬೋರ್ಡು ಹೋಗಿ ಓವರ್‌ಹೆಡ್ ಪ್ರೊಜೆಕ್ಟರ್ ಬಂತು, ಲಾಗ್ ಟೇಬಲ್ ಹೋಗಿ ಕ್ಯಾಲ್ಕುಲೇಟರ್ ಬಂತು, ನೋಟ್ಸ್ ಬರೆಸುವುದು ಹೋಗಿ ಗುಂಪು ಗುಂಪಾಗಿ ಪ್ರಯೋಗ ಮಾಡಿಸುವುದು ಬಂತು. ಯಾವ ಹೊಸ ಪದ್ಧತಿಯೂ ಸುಮ್ಮನೆ ನಿಂತು ಕಾಯುವುದರಷ್ಟು ಕಷ್ಟವಾಗಲಿಲ್ಲ. ತಡೆಯಲಾಗದೆ ಉತ್ತರ ನಾಲಿಗೆಯ ತುದಿಗೆ ಬಂದಾಗ ಡಸ್ಟರ್ ತೆಗೆದುಕೊಂಡು ಒರೆಸಿದ ಬೋರ್ಡನ್ನೇ ಮತ್ತೆ ಒರೆಸುತ್ತಿದ್ದೆ.

ಮಾತಿನ ಸಮಸ್ಯೆಗೆ ದಾರಿ ಡೆನಿಸ್‌ಳಿಂದಲೇ ಸಿಕ್ಕಿತು. ಅವಳನ್ನು ಕೂರಿಸಿಕೊಂಡು, ಯಾವ ಪದ ಅರ್ಥವಾಗುವುದಿಲ್ಲ ಹೇಳು ಎಂದೆ. “ಯಾವುದು ಅಂತ ನಾನು ಯೋಚಿಸುವಷ್ಟರಲ್ಲಿ ನೀವು ಮುಂದಿನ ಊರಿಗೆ ಹೋಗಿರುತ್ತೀರಿ” ಎಂದಳು.

“ಹಾಗಾದರೆ ಆ ಕ್ಷಣವೇ ಕೈ ಎತ್ತಿ ಸ್ಟಾಪ್ ಅನ್ನು.”

“ಟೀಚರಿಗೆ ಸ್ಟಾಪ್ ಅನ್ನಬಹುದಾ?”

“ಅನ್ನಲೇಬೇಕು. ಇನ್ನುಮುಂದೆ ಅದು ನಿನ್ನ ಕೆಲಸ.”

ಡೆನಿಸ್ ಆ ಕೆಲಸವನ್ನು ಟ್ರಾಫಿಕ್ ಪೊಲೀಸಿನಷ್ಟೇ ನಿಷ್ಠೆಯಿಂದ ಮಾಡಿದಳು. ಮೊದಲ ವಾರ ಪಾಠ ಮುಂದೆ ಸಾಗಲೇ ಇಲ್ಲ. ಆವಿಗೆ ನಾನು ಹೇಳುವ ‘ವೇಪರ್’ ಅವರ ಕಿವಿಯಲ್ಲಿ ಬೇರೇನೋ ಆಗುತ್ತಿತ್ತು, ನನ್ನ ‘ಅಲ್ಯುಮಿನಿಯಂ’ ಅವರಿಗೆ ಅಲೂಮಿನಮ್. ಆದರೆ ದಿನ ಕಳೆದಂತೆ ಒಂದು ವಿಷಯ ಗೊತ್ತಾಯಿತು. ಎಷ್ಟೋ ಸಲ ಅವರಿಗೆ ಅರ್ಥವಾಗದೇ ಇದ್ದದ್ದು ನನ್ನ ಉಚ್ಚಾರವಲ್ಲ, ಪಾಠವೇ. ಹಿಂದೆ ಅದನ್ನು ಹೇಳಲು ಅವರಿಗೆ ನಾಚಿಕೆಯಾಗುತ್ತಿತ್ತು. ಈಗ ನನ್ನ ಇಂಗ್ಲಿಷಿನ ಹೆಸರು ಹೇಳಿ ಧೈರ್ಯವಾಗಿ ಕೇಳುತ್ತಿದ್ದರು.

ವಸಂತ ಬಂತು, ಮಿಸ್ಟರ್ ಬ್ರೆನರ್ ಕೂಡ ಬಂದರು. ಅಂದಿನ ಪಾಠ ದ್ರವಗಳನ್ನು ಬಟ್ಟಿ ಇಳಿಸುವುದು. ಗಾಬರಿಯಲ್ಲಿ ಮೈಸೂರಿನ ಮಾತೇ ಬಾಯಿಗೆ ಬಂತು. “ಸ್ಪಿರಿಟ್ ಲ್ಯಾಂಪ್ ಹೊತ್ತಿಸಿ” ಎಂದೆ.

“ಸ್ಟಾಪ್!” ಡೆನಿಸ್‌ಳ ಕೈ ಮೇಲೆ ಹೋಯಿತು. “ಸ್ಪಿರಿಟ್ ಅಂದರೆ ದೆವ್ವ ಅಲ್ಲವಾ ಮಿಸೆಸ್ ಮೂರ್ತಿ? ದೆವ್ವದ ದೀಪವಾ?”

ಕ್ಲಾಸು ಘೊಳ್ಳೆಂದಿತು. ಹಿಂದೆ ಮಿಸ್ಟರ್ ಬ್ರೆನರ್ ಹುಬ್ಬು ಗಂಟಿಕ್ಕಿ ಎದ್ದು ನಿಲ್ಲಲು ಹೊರಟರು. ವಿದ್ಯಾರ್ಥಿನಿ ಟೀಚರನ್ನು ತಡೆದು ಗೇಲಿ ಮಾಡುವುದು ಅವರಿಗೆ ಹೇಗೆ ಕಂಡಿರಬೇಕು! ಆದರೆ ಪ್ರಶ್ನೆ ನಿಜವಾಗಿಯೂ ಒಳ್ಳೆಯದಿತ್ತು.

“ಹೌದು, ಅದೇ ಪದ” ಎಂದೆ. “ಈ ದೀಪದಲ್ಲಿ ಉರಿಯುವುದು ಆಲ್ಕೋಹಾಲ್. ಹಿಂದಿನ ಕಾಲದವರು ಅದನ್ನೂ ಸ್ಪಿರಿಟ್ ಅಂತಲೇ ಕರೆದರು. ಒಂದು ದ್ರವಕ್ಕೆ ಆ ಹೆಸರು ಯಾಕೆ ಕೊಟ್ಟಿರಬಹುದು?”

ಕೇಳಿ ಸುಮ್ಮನೆ ನಿಂತೆ. ಯಾರೂ ಮಾತಾಡಲಿಲ್ಲ. ಗಡಿಯಾರದ ಮುಳ್ಳಿನ ಶಬ್ದ ಕೇಳುತ್ತಿತ್ತು. ಪ್ರಿನ್ಸಿಪಾಲರು ನನ್ನನ್ನೇ ನೋಡುತ್ತಿದ್ದರು. ಡಸ್ಟರ್ ಕೈಗೆತ್ತಿಕೊಂಡೆ. ಬೋರ್ಡಿನ ಮೇಲೆ ಒರೆಸಲು ಏನೂ ಉಳಿದಿರಲಿಲ್ಲ, ಆದರೂ ಒರೆಸಿದೆ.

“ಕಾಯಿಸಿದರೆ ಅದು ಮೈ ಬಿಟ್ಟು ಮೇಲೆ ಹೋಗುತ್ತೆ” ಎಂದಳು ಡೆನಿಸ್ ನಿಧಾನವಾಗಿ. “ಕಣ್ಣಿಗೆ ಕಾಣಿಸಲ್ಲ. ಆಮೇಲೆ ತಣ್ಣಗಾದರೆ ವಾಪಸ್ ಬರುತ್ತೆ. ದೆವ್ವದ ಥರ.”

ಬಟ್ಟಿ ಇಳಿಸುವುದನ್ನು ನಾನು ಅದಕ್ಕಿಂತ ಚೆನ್ನಾಗಿ ಎಂದೂ ವಿವರಿಸಿರಲಿಲ್ಲ. ಆಮೇಲಿನ ಪಾಠ ತಾನಾಗಿ ನಡೆಯಿತು. ಕೊಳವೆಯ ತುದಿಯಿಂದ ಮೊದಲ ಹನಿ ಬಿದ್ದಾಗ ಮಿಸ್ಟರ್ ಬ್ರೆನರ್ ಕೂಡ ಎದ್ದು ಬಂದು ಮಕ್ಕಳ ತಲೆಗಳ ಮೇಲಿಂದ ಇಣುಕಿದರು.

ಮಧ್ಯಾಹ್ನ ಆಫೀಸಿಗೆ ಕರೆದು ಕೈ ಕುಲುಕಿ, “ಮಿಸೆಸ್ ಮೂರ್ತಿ, ನೀವು ಎಂಡ್ ಝೋನ್ ತಲುಪಿದಿರಿ” ಎಂದರು.

ಎಂಡ್ ಎಂಬ ಪದ ಕೇಳಿ ನನ್ನ ಜೀವ ಹಾರಿಹೋಯಿತು. ಕೈ ಎತ್ತಿ, “ಸ್ಟಾಪ್” ಎಂದೆ. “ಮಿಸ್ಟರ್ ಬ್ರೆನರ್, ಅದು ನನಗೆ ಅರ್ಥವಾಗಲಿಲ್ಲ. ಕೆಲಸ ಹೋಯಿತಾ?”

ಅವರು ಮೇಜು ತಟ್ಟಿ ನಕ್ಕರು. “ಇಲ್ಲ ಇಲ್ಲ, ಗೆದ್ದಿರಿ ಅಂತ! ಮುಂದಿನ ವರ್ಷ ಇಲ್ಲೇ ಇರುತ್ತೀರಿ.” ಅಂದಿನಿಂದ ನಾನಿದ್ದ ಮೀಟಿಂಗುಗಳಲ್ಲಿ ಫುಟ್‌ಬಾಲ್ ಮಾತು ಆಡಿದರೆ ನನ್ನ ಕಡೆ ತಿರುಗಿ ತಾವೇ ಅರ್ಥ ಹೇಳಿಬಿಡುತ್ತಿದ್ದರು. ಅವರು ಏನು ಹೇಳುತ್ತಾರೆಂದು ತಮಗೆ ತಿಳಿಯತೊಡಗಿದ್ದು ಆಮೇಲೆಯೇ ಎಂದು ಉಳಿದ ಟೀಚರುಗಳು ನನ್ನ ಕಿವಿಯಲ್ಲಿ ಹೇಳಿದರು.

ಆ ಮೇ ತಿಂಗಳಲ್ಲೇ ಪ್ರೊಫೆಸರ್ ಫೋನ್ ಮಾಡಿ, ಗೌರವ ಸಂಘಕ್ಕೆ ನನ್ನ ಹೆಸರು ಆರಿಸಿದ್ದಾರೆ ಎಂದರು. ಫಸ್ಟ್ ಕ್ಲಾಸ್ ಬಂದವರಿಗೆ ಮೆಡಲ್ ಕೊಟ್ಟ ಹಾಗೆ ಎಂದುಕೊಂಡು, ನನಗೆ ಅಂಥ ಯೋಗ್ಯತೆ ಇಲ್ಲ, ಮೊನ್ನೆ ತಾನೇ ಕೆಲಸ ಉಳಿದಿದೆ ಎಂದೆ. “ಪಾಠ ನೋಡಲು ಇನ್ನೊಬ್ಬರಿಗೆ ಬಾಗಿಲು ತೆರೆದಿರಲ್ಲ, ಅದೇ ಯೋಗ್ಯತೆ” ಎಂದರು ಆಕೆ. ಸಂಘದ ಹೆಸರು ಗ್ರೀಕ್ ಅಕ್ಷರಗಳದ್ದು, ಸೇರುವಾಗ ಮೊಂಬತ್ತಿ ಹಿಡಿದು ಪ್ರತಿಜ್ಞೆ ಮಾಡಬೇಕು ಎಂದು ಕೇಳಿ ಮೂರ್ತಿಯವರಿಗೆ ಅನುಮಾನ ಬಂತು. “ಏನೇ ಇದು, ಗುಪ್ತ ಸಂಘವಾ? ಮತಾಂತರ ಗಿತಾಂತರ ಮಾಡಿಬಿಟ್ಟಾರು, ನಾನೂ ಬರ್ತೀನಿ ಇರು” ಎಂದು ಸೂಟು ಹಾಕಿಕೊಂಡು ಹೊರಟರು.

ಭಾನುವಾರ ಮಧ್ಯಾಹ್ನ ಕಾಲೇಜಿನ ಹಾಲ್. ದೊಡ್ಡ ಮೊಂಬತ್ತಿಯೊಂದರಿಂದ ನಮ್ಮ ಕೈಯ ಸಣ್ಣ ಮೊಂಬತ್ತಿಗಳನ್ನು ಹೊತ್ತಿಸಿಕೊಂಡು ನಿಂತೆವು. ಕಲಿಯುವುದನ್ನು ನಿಲ್ಲಿಸುವುದಿಲ್ಲ, ಕಲಿತದ್ದನ್ನು ಇನ್ನೊಬ್ಬ ಶಿಕ್ಷಕರಿಂದ ಬಚ್ಚಿಡುವುದಿಲ್ಲ, ಯಾವ ಮಗುವನ್ನೂ ಕೈಬಿಡುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಒಟ್ಟಿಗೆ ಹೇಳಿದೆವು. ಕೊನೆಗೆ ಪ್ರೊಫೆಸರ್, ಇನ್ನು ಮೊಂಬತ್ತಿ ಆರಿಸಬಹುದು ಎಂದರು. ಎಲ್ಲರೂ ಉಫ್ ಎಂದು ಊದಿದರು. ನನ್ನ ಕೈಯದು ಮಾತ್ರ ಉರಿಯುತ್ತಲೇ ಇತ್ತು.

“ಊದು, ವಿಮಲಾ” ಎಂದು ಪಕ್ಕದಲ್ಲಿದ್ದ ಮಿಸೆಸ್ ಹ್ಯಾಲರನ್ ಪಿಸುಗುಟ್ಟಿದರು.

“ನನ್ನ ಕೈಲಾಗಲ್ಲ. ನಮ್ಮಲ್ಲಿ ದೀಪವನ್ನು ಬಾಯಿಂದ ಊದಿ ಆರಿಸುವುದಿಲ್ಲ. ಅದೂ ಈಗ ತಾನೇ ಪ್ರತಿಜ್ಞೆ ಮಾಡಿ...”

ಹಾಲ್ ಎಲ್ಲ ನನ್ನನ್ನೇ ನೋಡುತ್ತಿತ್ತು. ಮೇಣ ಬೆರಳಿನ ಮೇಲೆ ಇಳಿಯುತ್ತಿತ್ತು. ಮೂರ್ತಿ ಹಿಂದಿನ ಸಾಲಿನಿಂದ ಕನ್ನಡದಲ್ಲಿ, “ಕೈ ಬೀಸಿ ಆರಿಸೇ!” ಎಂದು ಕೂಗಿದರು. ಅಷ್ಟರಲ್ಲಿ ಮಿಸೆಸ್ ಹ್ಯಾಲರನ್ ಆರಿಹೋಗಿದ್ದ ತಮ್ಮ ಮೊಂಬತ್ತಿಯನ್ನು ನನ್ನದಕ್ಕೆ ತಾಗಿಸಿ ಮತ್ತೆ ಹೊತ್ತಿಸಿಕೊಂಡರು. “ಅವಳು ಹೇಳುವುದು ಸರಿ. ಇಷ್ಟು ವರ್ಷ ಪ್ರತಿಜ್ಞೆ ಮಾಡಿದ ಕೂಡಲೇ ಊದಿಬಿಡುತ್ತಿದ್ದೆವಲ್ಲ!” ಎಂದರು. ಉಳಿದವರೂ ನಗುತ್ತ ಒಬ್ಬೊಬ್ಬರಾಗಿ ಹೊತ್ತಿಸಿಕೊಂಡರು.

ಕಾಫಿ ಸಾಸರುಗಳ ಮೇಲೆ ಮೊಂಬತ್ತಿ ನಿಲ್ಲಿಸಿ, ಅವು ತಾವಾಗಿ ಆರುವ ತನಕ ಕೂರುವುದೆಂದಾಯಿತು. ಎಂದಿನಂತೆ ಕಾಫಿ ಕುಡಿದು ಓಡಿಹೋಗಬೇಕಾದವರೆಲ್ಲ ಕುಕಿ, ನಾನು ತಂದಿದ್ದ ಕೊಬ್ಬರಿ ಮಿಠಾಯಿ ತಿನ್ನುತ್ತ ಮಾತಿಗೆ ಕೂತರು. ಒಂದನೇ ಕ್ಲಾಸಿಗೆ ಕಲಿಸುವ ಎಳೆಯ ಟೀಚರ್ ಒಬ್ಬಳಿದ್ದಳು. ಇದ್ದಕ್ಕಿದ್ದಂತೆ ಅವಳ ಕಣ್ಣು ತುಂಬಿತು. “ಯಾವ ಮಗುವನ್ನೂ ಕೈಬಿಡುವುದಿಲ್ಲ ಅಂತ ಸುಳ್ಳು ಹೇಳಿಬಿಟ್ಟೆ. ಈ ವರ್ಷವೇ ಇಬ್ಬರನ್ನು ಕೈಬಿಟ್ಟಿದ್ದೇನೆ. ಅವರಿಗೆ ಇನ್ನೂ ಓದಲು ಬರುವುದಿಲ್ಲ.”

ಮಿಸೆಸ್ ಹ್ಯಾಲರನ್ ಸಮಾಧಾನ ಹೇಳಲಿಲ್ಲ. “ಅವರ ಹೆಸರೇನು?” ಎಂದರು. ಅವಳು ಹೇಳಿದಳು. ಒಬ್ಬನಿಗೆ ಏನು ಇಷ್ಟ, ಇನ್ನೊಬ್ಬಳು ಎಲ್ಲಿ ಎಡವುತ್ತಾಳೆ, ಎಲ್ಲವನ್ನೂ ಕೇಳಿದರು. ಎಲ್ಲದಕ್ಕೂ ಅವಳ ಬಳಿ ಉತ್ತರವಿತ್ತು. “ಇಷ್ಟು ಗೊತ್ತಿರುವವಳು ಕೈಬಿಟ್ಟಿಲ್ಲ, ಕೈ ಸೋತಿದೆ ಅಷ್ಟೇ. ಶಾಲೆ ಮುಗಿಯಲು ಇನ್ನೂ ದಿನಗಳಿವೆ. ನಾಳೆ ಬೆಳಿಗ್ಗೆ ನಾನು ಬರುತ್ತೇನೆ, ಇಬ್ಬರೂ ಸೇರಿ ನೋಡೋಣ.”

ಸಂಘದ ಆದರ್ಶ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಆ ಪ್ರತಿಜ್ಞೆಯ ಮಾತುಗಳನ್ನು ಹೇಳುವುದಿಲ್ಲ, ಈ ಮಾತುಕತೆಯನ್ನು ಹೇಳುತ್ತೇನೆ. ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಕಟ್ಟಡದ ಕಾವಲಿನವನೂ ಕೊನೆಗೆ ಒಳಗೆ ಬಂದು ಕೂತು ಮಿಠಾಯಿ ತಿಂದ. ಅವನ ಪಕ್ಕದಲ್ಲಿ ಮೂರ್ತಿಯವರು ಸೂಟಿನ ಕೋಟು ಬಿಚ್ಚಿಟ್ಟು ತಮ್ಮ ಮಗ್ಗಿ ಮೇಷ್ಟರ ಕಥೆ ಹೇಳುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ಇನ್ನೊಬ್ಬರ ಕ್ಲಾಸಿನಲ್ಲಿ ಕೂರುವ ಸರದಿ ನನ್ನದಾಯಿತು. ತೊಂಬತ್ತರ ದಶಕ ಶುರುವಾಗಿತ್ತು. ಸಂಘ ನನ್ನನ್ನು ಕಳಿಸಿದ್ದು ಶೈಲಾ ಎಂಬ ಹೊಸ ಗಣಿತದ ಟೀಚರ್ ಬಳಿಗೆ. ಹುಬ್ಬಳ್ಳಿಯವಳು, ಪಾರ್ಸಿಪನಿಯಲ್ಲಿ ಮನೆ. ಫೋನಿನಲ್ಲಿ ನಾನು ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಲೇ ಕನ್ನಡಕ್ಕೆ ಇಳಿದಳು.

“ಅಕ್ಕಾರ, ನೀವು ಬರ್ತೀರಿ ಖರೇ, ಆದ್ರ ನನ್ನ ಕ್ಲಾಸಿನಾಗ ನೋಡೂದೇನೂ ಇಲ್ರಿ. ನಾ ಇತ್ತಾಗ ಬೋರ್ಡಿಗೆ ತಿರುಗಿದ್ರ ಅತ್ತಾಗ ಕಾಗದದ ವಿಮಾನ ಹಾರ್ತಾವ. ಒಬ್ಬಾಕಿ ಕೂತು ಉಗುರಿಗೆ ಬಣ್ಣಾ ಹಚ್ಕೋತಾಳ. ನಾ ಈ ನೌಕರಿ ಬಿಟ್ಟಬಿಡ್ತೀನಿ ಅನ್ನಸ್ತದ.”

“ಬಿಡೋದು ಆಮೇಲೆ ಬಿಡುವಿಯಂತೆ. ಮೊದಲು ನಾನು ಬಂದು ಕೂರುತ್ತೇನೆ” ಎಂದೆ.

ಹೋಗಿ ಹಿಂದೆ ಕುರ್ಚಿ ಎಳೆದುಕೊಂಡು ಕೂತೆ. ನೋಡಿದರೆ ಅಚ್ಚರಿ. ವಿಮಾನವಿಲ್ಲ, ಉಗುರಿಗೆ ಬಣ್ಣ ಹಚ್ಚುತ್ತ ಕೂತವರಿಲ್ಲ. ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ಕೈ ಎತ್ತಿ ಉತ್ತರ ಹೇಳುತ್ತಿದ್ದಾರೆ. ತುಂಟನಂತೆ ಕಂಡ ಒಬ್ಬ ಮಾತಿಗೊಮ್ಮೆ “ಯೆಸ್, ಮಿಸೆಸ್ ಪಾಟೀಲ್” ಎನ್ನುತ್ತಿದ್ದಾನೆ. ಶೈಲಾ ಮೊದಲು ತಡವರಿಸಿದಳು. ಆಮೇಲೆ ಧೈರ್ಯ ಬಂದು, ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ನಡುವೆ ಓಡಾಡುತ್ತ ಸೊಗಸಾಗಿ ಪಾಠ ಮಾಡಿದಳು. ಈ ಹುಡುಗಿ ಸುಮ್ಮನೆ ಹೆದರಿದ್ದಾಳೆ, ಇಷ್ಟು ಒಳ್ಳೆಯ ಕ್ಲಾಸು ನನಗೂ ಸಿಕ್ಕಿರಲಿಲ್ಲ ಎಂದುಕೊಂಡೆ.

ಬೆಲ್ಲಾಯಿತು. ಉಗುರಿಗೆ ಬಣ್ಣ ಹಚ್ಚಿದ್ದ ಹುಡುಗಿ ಹೋಗುವಾಗ ಶೈಲಾಳ ಕಿವಿಯಲ್ಲಿ ಏನೋ ಹೇಳಿ, ನನ್ನ ಕಡೆ ಭಯಭಕ್ತಿಯಿಂದ ನೋಡಿ ಓಡಿದಳು. ಶೈಲಾ ಬಾಗಿಲು ಹಾಕಿಕೊಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಏನಂದಳೇ?”

“ಅಕ್ಕಾರ, ನಮ್ಮ ಅತ್ತಿ ಹುಬ್ಬಳ್ಳಿಯಿಂದ ಬಂದಾರ, ಭಾಳ ಬಿರುಸು ಇದ್ದಾರ ಅಂತ ಮೊನ್ನೆ ಕ್ಲಾಸಿನಾಗ ಹೇಳಿದ್ದೆರಿ. ಇವು ಹುಡುಗರು ನೀವs ಅವರು ಅಂತ ತಿಳ್ಕೊಂಡಾವ! ಅತ್ತಿ ಮುಂದ ಮೇಡಂ ಮಾನ ಹೋಗಬಾರದು ಅಂತ ಎಲ್ಲಾರೂ ಮಾತಾಡ್ಕೊಂಡು ಶಾಣ್ಯಾರ ಗತೆ ಕೂತಿದ್ರಂತ. ಈಗ ಆಕಿ ಕೇಳಿದ್ಲು, ‘ಈಸ್ ಶೀ ಹ್ಯಾಪಿ?’ ಅಂತ.”

ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಖಾಲಿ ಡೆಸ್ಕುಗಳ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ನಗು ನಿಂತ ಮೇಲೆ ಶೈಲಾ ಖಾಲಿ ಕ್ಲಾಸನ್ನು ಒಂದು ಸಲ ಸುತ್ತ ನೋಡಿದಳು. “ಅಕ್ಕಾರ, ಅವು ನನ್ನ ಪರವಾಗಿ ಅದಾವ ಅಂತ ನಂಗ ಗೊತ್ತs ಇರಲಿಲ್ರಿ” ಎಂದಳು.

“ನೌಕರಿ ಬಿಡ್ತೀಯಾ?”

“ಇಲ್ರಿ.”

“ಹಾಗಾದರೆ ಮುಂದಿನ ವಾರವೂ ಬರ್ತೀನಿ.”

“ಬರ್ರಿ ಅಕ್ಕಾರ” ಎಂದಳು ಶೈಲಾ, ಕಣ್ಣೊರೆಸಿಕೊಳ್ಳುತ್ತ. “ಆದ್ರ ಇಷ್ಟು ನಕ್ಕೋತ ಕೂಡಬ್ಯಾಡ್ರಿ. ಮಾರಿ ಒಂದೀಟು ಗಂಟ ಹಾಕ್ಕೊಂಡು ಬರ್ರಿ.”